ಹನ್ನೊಂದು ಪುಟದಲ್ಲಿ ಖಾಲಾಗೆ ಸಿಕ್ಕಿದ್ದು ಆರು ಸಾಲು

ತಂಗೀ, ನಮಸ್ಕಾರ.

ನೀವು ಕಳಿಸಿದ 'ಇಸ್ಲಾಂ ಮತ್ತು ಗಂಡನ ಅಧಿಕಾರ' ಲೇಖನ ಎರಡು ಸಲ ಓದಿದೆ. ಈಗಿರುವ ಹಾಗೆ ಪತ್ರಿಕೆಯಲ್ಲಿ ಹಾಕೋಕೆ ಆಗಲ್ಲ. ವಾಪಸ್ ಕಳಿಸಿ ಸುಮ್ನಿರೋಕೂ ಮನಸ್ಸಿಲ್ಲ, ಯಾಕಂದ್ರೆ ಏಳನೇ ಪುಟದಲ್ಲಿ ನಿಮ್ಮ ಖಾಲಾ, ಅಂದರೆ ನಿಮ್ಮ ಅಮ್ಮನ ಸೋದರಿ, ಬರುತ್ತಾರೆ.

ಬಳ್ಳಾರಿಯ ಕೌಲ್ ಬಜಾರಿನ ಮನೆ. ಗಾರ್ಮೆಂಟಿನಿಂದ ಬಂದ ಜೀನ್ಸ್ ಪ್ಯಾಂಟಿನ ರಾಶಿ ಮಧ್ಯೆ ಕೂತು, ಚಿಕ್ಕ ಕತ್ತರಿ ಹಿಡಿದು ದಾರ ಕತ್ತರಿಸುತ್ತಾರೆ. ಬೆರಳ ಸಂದಿಯ ನೀಲಿ ಎಷ್ಟು ತಿಕ್ಕಿದರೂ ಹೋಗಲ್ಲ, ಅದೇ ಕೈಯಲ್ಲಿ ರೊಟ್ಟಿ ತಟ್ಟುತ್ತಾರೆ. ಮನೆ ಬಾಡಿಗೆ ಆ ದುಡ್ಡಿನದ್ದೇ. ಹೇಳದೆ ತವರಿಗೆ ಹೋಗಿ ಬಂದರು ಅಂತ ಒಂದು ಸಂಜೆ ಗಂಡನ ಕೈಯಿಂದ ಕೆನ್ನೆಗೆ ಬಿತ್ತು. ಹೊಡೆದವರು ಆಮೇಲೆ ಕುರ್‌ಆನಿನ ಮಾತು ಹೇಳಿದರು, ಗಂಡಸು ಹೆಂಗಸಿನ ಮೇಲೆ ಯಜಮಾನ ಅಂತ. ಇಷ್ಟು ಬರೆದು, ಮರುಸಾಲಿನಲ್ಲೇ 'ಇಸ್ಲಾಂ ಎಂದರೆ ಶಾಂತಿ' ಅಂತ ಶುರು ಮಾಡಿಬಿಟ್ಟಿದ್ದೀರಲ್ಲ! ನಿಜ ಹೇಳ್ತೀನಿ, ನನಗೆ ಸಿಟ್ಟೇ ಬಂತು.

ಮೊದಲ ಮೂರು ಪುಟ ತೆಗೆದುಬಿಡಿ. '1400 ವರ್ಷಗಳ ಹಿಂದೆಯೇ ಹೆಣ್ಣಿಗೆ ಎಲ್ಲ ಹಕ್ಕು ಕೊಟ್ಟ ಧರ್ಮ' ಅಂತ ಶುರು ಮಾಡಿದರೆ ಒಪ್ಪುವವರು ತಲೆ ಆಡಿಸಿ ಪುಟ ತಿರುವುತ್ತಾರೆ, ಒಪ್ಪದವರು ಅಲ್ಲೇ ಮುಚ್ಚಿಡುತ್ತಾರೆ. ಖಾಲಾ ತನಕ ಯಾರೂ ಬರಲ್ಲ.

ಇನ್ನು ಖಾಲಾನ ಗಂಡ ಹೇಳಿದ, ನೀವು ಎತ್ತಿಕೊಂಡ ಆ ಸಾಲು, ಕುರ್‌ಆನಿನ ನಾಲ್ಕನೇ ಅಧ್ಯಾಯದ 34ನೇ ವಚನ. ಅದರ ಕೊನೆ ಭಾಗಕ್ಕೆ ನೀವು 'ಅವರನ್ನು (ಮೆಲ್ಲಗೆ) ಹೊಡೆಯಿರಿ' ಅಂತ ಬರೆದಿದ್ದೀರಿ. ಆ ಕಂಸ ಯಾರದು? ಅರಬ್ಬಿ ಮೂಲದಲ್ಲಿ 'ಮೆಲ್ಲಗೆ' ಅನ್ನೋ ಪದ ಇಲ್ಲ. ಅಬ್ದುಲ್ಲಾ ಯೂಸುಫ್ ಅಲಿ 1930ರ ದಶಕದಲ್ಲಿ ಇಂಗ್ಲಿಷಿಗೆ ತಂದಾಗ ಕಂಸದಲ್ಲಿ ಆ ಪದ ಸೇರಿಸಿದರು. ಅವರೇನೂ ಮನಸ್ಸಿಗೆ ತೋಚಿದ್ದು ಬರೆದಿದ್ದಲ್ಲ, ಗಾಯ ಆಗುವ ಹಾಗೆ ಹೊಡೆಯಬಾರದು ಅಂತ ಹದೀಸಿನಲ್ಲಿ (ಪ್ರವಾದಿಯವರ ನಡೆನುಡಿಯ ವರದಿಗಳಲ್ಲಿ) ಇದೆ, ಹಲ್ಲುಜ್ಜುವ ಮಿಸ್ವಾಕ್ ಕಡ್ಡಿಯಷ್ಟೇ ಅಂತ ಪ್ರವಾದಿಯವರ ಸಂಬಂಧಿ ಇಬ್ನ್ ಅಬ್ಬಾಸ್ ಹೇಳಿದರೆಂದು ಹಳೆಯ ವ್ಯಾಖ್ಯಾನಕಾರರು ಬರೆದಿದ್ದಾರೆ. 2007ರಲ್ಲಿ ಅಮೆರಿಕದ ಅನುವಾದಕಿ ಲಾಲೆ ಬಖ್ತಿಯಾರ್ ಅದೇ ಕ್ರಿಯಾಪದಕ್ಕೆ 'ಅವರಿಂದ ದೂರ ಸರಿಯಿರಿ' ಅನ್ನೋ ಅರ್ಥ ಹಿಡಿದರು, ದೊಡ್ಡ ಗಲಾಟೆಯೇ ಆಯಿತು. ನೀವು ಯಾವ ಕಡೆ ಅಂತ ನಾನು ಕೇಳ್ತಾ ಇಲ್ಲ. ಜಗಳವೆಲ್ಲ ಇರುವುದೇ ಆ ಕಂಸದೊಳಗೆ, ನೀವು ಅದನ್ನು ನೋಡದೇ ದಾಟಿ ಹೋಗಿದ್ದೀರಿ ಅನ್ನೋದಷ್ಟೇ ನನ್ನ ತಕರಾರು. ಪ್ರವಾದಿಯವರು ಯಾವತ್ತೂ ಹೆಂಗಸಿನ ಮೇಲೆ ಕೈ ಎತ್ತಲಿಲ್ಲ ಅಂತ ಅವರ ಪತ್ನಿ ಆಯಿಶಾ ಹೇಳಿದ್ದು ಸಹೀಹ್ ಮುಸ್ಲಿಂ ಅನ್ನೋ ಹದೀಸ್ ಸಂಗ್ರಹದಲ್ಲಿದೆ. ನೀವು ಅದನ್ನು ಕೊನೇ ಪುಟದ ಮೂಲೆಗೆ ತಳ್ಳಿದ್ದೀರಿ.

ಅದಕ್ಕಿಂತ ಮುಖ್ಯವಾದದ್ದು ವಚನದ ಮೊದಲ ಅರ್ಧದಲ್ಲಿದೆ. ಗಂಡಸು 'ಖವ್ವಾಮ್' (ನೀವು ಯಜಮಾನ ಅಂದ ಪದ) ಅಂದು ಸುಮ್ಮನಾಗಲ್ಲ ಅದು, ಎರಡು ಕಾರಣ ಕೊಡುತ್ತದೆ. ದೇವರು ಕೆಲವರಿಗೆ ಕೆಲವರಿಗಿಂತ ಹೆಚ್ಚು ಕೊಟ್ಟಿದ್ದಾನೆ ಅನ್ನೋದು ಒಂದು, ಗಂಡಸರು ತಮ್ಮ ಸಂಪತ್ತು ಖರ್ಚು ಮಾಡುತ್ತಾರೆ ಅನ್ನೋದು ಇನ್ನೊಂದು. ಹಾಗಾದ್ರೆ ಬಾಡಿಗೆ ಖಾಲಾ ಕಟ್ಟುವ ಮನೆಯಲ್ಲಿ ಖವ್ವಾಮ್ ಯಾರು? ಅಮೆರಿಕದ ವಿದ್ವಾಂಸೆ ಅಮೀನಾ ವದೂದ್ ಅವರಂಥವರು ಇದು ಷರತ್ತಿನ ಮಾತು, ಷರತ್ತು ಬಿದ್ದರೆ ಮಾತೂ ನಿಲ್ಲಲ್ಲ ಅಂತಾರೆ. ಸಂಪ್ರದಾಯಸ್ಥ ವಿದ್ವಾಂಸರು, ಹೆಂಡತಿ ದುಡಿದದ್ದು ಅವಳದೇ, ಮನೆ ನಡೆಸುವ ಹೊಣೆ ಆಗಲೂ ಗಂಡನದೇ ಅಂತಾರೆ. ಹಾಗೆ ನೋಡಿದರೂ ನಿಮ್ಮ ಖಾಲೂ, ಅಂದರೆ ಖಾಲಾನ ಗಂಡ, ಖಾಲಾಗೆ ಸಾಲಗಾರರೇ ಅಲ್ವಾ? ನಿಮ್ಮ ಲೇಖನ ಇರುವುದು ಇಲ್ಲಿ. ಇದನ್ನು ಬಿಟ್ಟು ಯುರೋಪಿನ ಹೆಂಗಸರಿಗೆ ಮತದಾನದ ಹಕ್ಕು ಯಾವಾಗ ಬಂತು ಅಂತ ಒಂದೂವರೆ ಪುಟ ಯಾಕೆ ಬೇಕಿತ್ತು?

34ನೇ ವಚನದಲ್ಲಿ ಬರುವ 'ನುಶೂಝ್' ಅಂದರೆ ಹೆಂಡತಿಯ ಅವಿಧೇಯತೆ ಅಂತ ಬರೆದಿದ್ದೀರಿ. ಅದೇ ಅಧ್ಯಾಯದ 128ನೇ ವಚನದಲ್ಲಿ ಅದೇ ಪದ ಗಂಡನಿಗೂ ಬಂದಿದೆ, ನೋಡಿ ತಿದ್ದಿ. 35ನೇ ವಚನ ಗಂಡನ ಕಡೆಯಿಂದ ಒಬ್ಬರು, ಹೆಂಡತಿ ಕಡೆಯಿಂದ ಒಬ್ಬರು ಕೂತು ಮಾತಾಡಲಿ ಅನ್ನುತ್ತದೆ. 'ಹಿರಿಯರು ರಾಜಿ ಮಾಡಿಸಿದರು' ಅಂತ ಒಂದೇ ಸಾಲಲ್ಲಿ ಮುಗಿಸಿದ್ದೀರಲ್ಲ, ಅವತ್ತು ಖಾಲಾ ಪರವಾಗಿ ಕೂತವರು ಯಾರು? ಖಾಲಾ ಆ ಹೊತ್ತಿಗೆ ಎಲ್ಲಿದ್ದರು, ಬಾಗಿಲ ಪರದೆ ಹಿಂದೆಯಾ? ಕೇಳಿಕೊಂಡು ಬರೆಯಿರಿ.

ಕಾನೂನಿನ ಪ್ಯಾರಾ ತಪ್ಪಿದೆ. 2019ರ ಕಾಯ್ದೆ ತಲಾಖನ್ನೇ ತೆಗೆದುಹಾಕಲಿಲ್ಲ, ಒಂದೇ ಉಸಿರಿನ ಮೂರು ತಲಾಖನ್ನು ಅಪರಾಧ ಮಾಡಿತು. ಖಾಲಾಗೆ ಹತ್ತಿರದ ಕಾನೂನು ಬೇರೆ ಇದೆ. 1939ರ ಮುಸ್ಲಿಂ ವಿವಾಹ ವಿಸರ್ಜನೆ ಕಾಯ್ದೆಯಲ್ಲಿ ಕ್ರೌರ್ಯಕ್ಕೂ ವಿಚ್ಛೇದನ ಕೇಳಬಹುದು, ಗಂಡ ಎರಡು ವರ್ಷ ಖರ್ಚಿಗೆ ಕೊಡದಿದ್ದರೂ ಕೇಳಬಹುದು. ಕೌಟುಂಬಿಕ ಹಿಂಸೆಯ 2005ರ ಕಾಯ್ದೆಗಂತೂ ಜಾತಿ ಧರ್ಮದ ಲೆಕ್ಕವೇ ಇಲ್ಲ.

ಇನ್ನೊಂದು ಮಾತು. ಇದನ್ನು ಓದಿ 'ಅವರಲ್ಲಿ ಹಿಂಗೇ ಬಿಡ್ರೀ' ಅನ್ನೋರು ಸಿಗ್ತಾರೆ, ಆ ಭಯಕ್ಕೇ ನೀವು ಅಷ್ಟು ಹಿಂಜರಿದು ಬರೆದಿದ್ದೀರಿ ಅಂತ ಗೊತ್ತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಮದುವೆಯಾದ ಹೆಂಗಸರಲ್ಲಿ ಸುಮಾರು 44% ಮಂದಿ ಗಂಡನ ಹಿಂಸೆ ಕಂಡವರು. ಅದು ಎಲ್ಲ ಧರ್ಮದವರನ್ನೂ ಸೇರಿಸಿದ ಲೆಕ್ಕ. ನಮ್ಮ ಓಣಿಯಲ್ಲಿ ಕುರ್‌ಆನ್ ಮುಟ್ಟದ ಮನೆಗಳೇ ಜಾಸ್ತಿ, ಆದರೂ ಶನಿವಾರ ಬಟವಾಡೆ ಆದ ರಾತ್ರಿ ಪಾತ್ರೆ ಬೀಳುವ ಸದ್ದು ಕೇಳುತ್ತದೆ, ನಾವು ಟಿವಿ ಜೋರು ಮಾಡಿಕೊಂಡು ಕೂರುತ್ತೇವೆ. ಬೇಕಿದ್ದರೆ ಇದನ್ನೂ ಸೇರಿಸಿ, ನನ್ನ ಅಭ್ಯಂತರ ಇಲ್ಲ.

ನಾಲ್ಕು ಪುಟಕ್ಕೆ ಇಳಿಸಿ. ದಾರ ಕತ್ತರಿಸಿದರೆ ಪೀಸಿಗೆ ಎಷ್ಟು ಸಿಗುತ್ತೆ, ಬಾಡಿಗೆ ಎಷ್ಟು ಅಂತ ಬರೆಯಿರಿ. ಓಣಿ ಗುರುತು, ಮನೆ ಮುಂದಿನ ಬೇವಿನ ಮರ, ಮಗನ ಹೆಸರು ಎಲ್ಲ ಬದಲಿಸಿ. ಬಳ್ಳಾರಿ ದೊಡ್ಡ ಊರೇನಲ್ಲ, ಸಂಜೆಯೊಳಗೆ ಯಾರು ಅಂತ ಗೊತ್ತಾಗಿಬಿಡುತ್ತೆ, ಆಮೇಲೆ ಅನುಭವಿಸೋದು ನೀವಲ್ಲ, ಅವರು. ಬರೆಯೋಕೆ ಕೂರುವ ಮೊದಲು ಖಾಲಾನ ಒಂದು ಮಾತು ಕೇಳಿ, ಏನಂದರು ಅಂತ ನನಗೊಂದು ಮೆಸೇಜ್ ಹಾಕಿ.