ಜಾಣತನವೋ, ಪಳಗಿದ ಕಣ್ಣೋ?

ಮಾನ್ಯ ಶಿಕ್ಷಕರೇ,

ಗಂಗಾವತಿಯಿಂದ ತಾವು ಬರೆದ ಪತ್ರ ತಲುಪಿದೆ. ಎಂಥ ಒಗಟನ್ನೂ ಥಟ್ಟನೆ ಬಿಡಿಸುವ ಹುಡುಗ ಭೌತಶಾಸ್ತ್ರದ ಸಮಸ್ಯೆಗಳ ಮುಂದೆ ತಡವರಿಸುತ್ತಾನೆ, ಸಾಧಾರಣಳೆನಿಸಿಕೊಂಡ ಹುಡುಗಿ ಅವನ್ನೇ ಸಲೀಸಾಗಿ ಬಿಡಿಸುತ್ತಾಳೆ. ಹಾಗಾದರೆ ವಿಜ್ಞಾನಕ್ಕೆ ಬೇಕಾದದ್ದು ಹುಟ್ಟುಬುದ್ಧಿಯೋ ಅನುಭವವೋ ಎಂದು ಕೇಳಿದ್ದೀರಿ.

1981ರಲ್ಲಿ ಮನೋವಿಜ್ಞಾನಿ ಮಿಶೆಲೀನ್ ಚೀ ಮತ್ತು ಸಂಗಡಿಗರು ಪದವಿ ವಿದ್ಯಾರ್ಥಿಗಳಿಗೂ ಪಿಎಚ್.ಡಿ. ವಿದ್ಯಾರ್ಥಿಗಳಿಗೂ ಭೌತಶಾಸ್ತ್ರದ ಕೆಲವು ಸಮಸ್ಯೆಗಳನ್ನು ಕೊಟ್ಟು, ಒಂದೇ ಬಗೆಯವನ್ನು ಒಟ್ಟಿಗೆ ಇಡಲು ಹೇಳಿದರು. ಹೊಸಬರು ಇಳಿಜಾರು ಹಲಗೆಯವನ್ನು ಒಂದೆಡೆ, ಸ್ಪ್ರಿಂಗಿನವನ್ನು ಇನ್ನೊಂದೆಡೆ ಇಟ್ಟರು. ಪಳಗಿದವರು ಚಿತ್ರವನ್ನು ಲೆಕ್ಕಿಸದೆ, ಶಕ್ತಿ ಸಂರಕ್ಷಣೆಯಿಂದ ಬಿಡಿಸುವವು ಇವು, ನ್ಯೂಟನ್ನನ ಎರಡನೆಯ ನಿಯಮದಿಂದ ಬಿಡಿಸುವವು ಅವು ಎಂದು ವಿಂಗಡಿಸಿದರು. ತಮ್ಮ ಹುಡುಗ ಕೂಡ ಹಲಗೆಯನ್ನೇ ನೋಡುತ್ತಿರಬಹುದು.

ತಮ್ಮ ಸೀಮೆಯ ಗದ್ದೆಗಳಲ್ಲೂ ಇದನ್ನು ಕಾಣಬಹುದು. ನಾಟಿಯಾದ ಎರಡು ಮೂರು ವಾರಕ್ಕೆ ಭತ್ತದ ಪೈರು ಬಣ್ಣಗೆಟ್ಟರೆ ಹೊಸಬ ಯೂರಿಯಾ ಚೀಲಕ್ಕೆ ಕೈಹಾಕುತ್ತಾನೆ. ಪಳಗಿದವರು ಬಗ್ಗಿ ನೋಡುತ್ತಾರೆ: ಕೆಳಗಿನ ಎಲೆಗಳ ಮೇಲೆ ತುಕ್ಕಿನ ಬಣ್ಣದ ಚುಕ್ಕೆಗಳಿವೆ, ಎಳೆಯ ಎಲೆಯ ನಡುನರ ಬುಡದಲ್ಲಿ ಬಿಳಿಚಿಕೊಂಡಿದೆ, ಕ್ಷಾರವೇರಿದ ಎರೆಮಣ್ಣಿನಲ್ಲಿ ನೀರು ನಿಂತಿದೆ. ಇವೆಲ್ಲ ಕೂಡಿ ಅವರಿಗೆ ಸತುವಿನ (ಜಿಂಕ್) ಕೊರತೆ ಎಂಬ ಒಂದೇ ಸಂಗತಿಯಾಗಿ ಕಾಣುತ್ತವೆ. ಯೂರಿಯಾ ಒದಗಿಸುವ ಸಾರಜನಕದ ಕೊರತೆಯಾಗಿದ್ದರೆ ಹಳೆಯ ಎಲೆಗಳು ಒಂದೇ ಸಮನೆ ಹಳದಿಯಾಗುತ್ತಿದ್ದವು.

ಹಾಗೆಂದು ಬುದ್ಧಿಶಕ್ತಿಯನ್ನು ತಳ್ಳಿಹಾಕಲಾಗದು. ಹಲವು ಅಂಶಗಳನ್ನು ಒಮ್ಮೆಗೇ ಮನಸ್ಸಿನಲ್ಲಿ ಹಿಡಿದಿಡುವ ಶಕ್ತಿ ಕಲಿಕೆಯ ಮೊದಲಲ್ಲಿ, ಹಿಂದೆಂದೂ ಕಾಣದ ಸಮಸ್ಯೆ ಎದುರಾದಾಗ ಬಹಳ ನೆರವಾಗುತ್ತದೆ. ತಿಳಿವಳಿಕೆ ಬೆಳೆದಂತೆ ಹೀಗೆ ಹಿಡಿದಿಡಬೇಕಾದ ಹೊರೆ ಹಗುರಾಗುತ್ತದೆ ಎಂಬುದು ನನ್ನ ಅಭಿಪ್ರಾಯ, ಇಲ್ಲವಾಗುವುದಿಲ್ಲ.

ಅನುಭವಕ್ಕೂ ತನ್ನದೇ ಕುರುಡಿದೆ. 1942ರಲ್ಲಿ ಮನೋವಿಜ್ಞಾನಿ ಲುಚಿನ್ಸ್ ಪ್ರಕಟಿಸಿದ ಪ್ರಯೋಗವನ್ನು ತಾವೇ ತರಗತಿಯಲ್ಲಿ ಮಾಡಿ ನೋಡಬಹುದು. 21, 127, 3 ಅಳತೆಯ ಪಾತ್ರೆಗಳಿಂದ 100ರಷ್ಟು ನೀರು ಅಳೆಯಲು 127ರಿಂದ 21ನ್ನು ಒಮ್ಮೆ, 3ನ್ನು ಎರಡು ಬಾರಿ ಕಳೆಯಬೇಕು. ಇಂಥವನ್ನೇ ನಾಲ್ಕೈದು ಮಾಡಿಸಿದ ಮೇಲೆ 23, 49, 3ರಿಂದ 20 ಅಳೆಯಿರಿ ಎಂದರೆ, 23ರಿಂದ 3 ಕಳೆದರೆ ಸಾಕೆಂಬುದು ಬಹುಪಾಲು ಜನರಿಗೆ ಹೊಳೆಯುವುದೇ ಇಲ್ಲ. ಹಳೆಯ ಸುತ್ತುದಾರಿಯನ್ನೇ ಹಿಡಿಯುತ್ತಾರೆ.

ಆದ್ದರಿಂದ ಇಬ್ಬರಿಗೂ ಒಂದೇ ಮದ್ದು ಬೇಡ. ಹುಡುಗನಿಗೆ ಸ್ವಲ್ಪ ದಿನ ಉತ್ತರ ಬಿಡಿಸಲು ಹೇಳದೆ, ಸಮಸ್ಯೆಗಳನ್ನು ಚೀಟಿಗಳಲ್ಲಿ ಬರೆದುಕೊಟ್ಟು, ಯಾವುದು ಯಾವ ನಿಯಮಕ್ಕೆ ಸೇರುತ್ತದೆ, ಏಕೆ ಎಂದಷ್ಟೇ ಕೇಳಿ. ಹುಡುಗಿಗೆ, ಅವಳು ಕಲಿತ ದಾರಿ ಕೆಲಸಕ್ಕೆ ಬಾರದ ಸಮಸ್ಯೆಯೊಂದನ್ನು ಆಗಾಗ ನಡುವೆ ಸೇರಿಸಿ ಕೊಡಿ.

— ಸಂಪಾದಕ