ದಿನಾ ಮಾತ್ರೆ ಕೊಟ್ಟರೂ ಮಗುವಿನ ಟಿಎಸ್‌ಎಚ್ ಏರಿದೆ ಎಂದವರಿಗೆ

ಮಾತ್ರೆ ಪೂರ್ತಿ ಮೈಗೆ ಹತ್ತುತ್ತಿಲ್ಲ ಅನ್ನಿಸುತ್ತದೆ. ಟಿಎಸ್‌ಎಚ್ ಅಂದರೆ ಥೈರಾಯ್ಡ್ ಗ್ರಂಥಿಗೆ ಕೆಲಸ ಮಾಡು ಎನ್ನುವ ಹಾರ್ಮೋನ್, ಮೈಯಲ್ಲಿ ಥೈರಾಯ್ಡ್ ಹಾರ್ಮೋನ್ ಸಾಲದಿದ್ದರೆ ಅದು ಏರುತ್ತದೆ. ಹುಟ್ಟಿನಿಂದ ಥೈರಾಯ್ಡ್ ಕೊರತೆ ಇರುವ 7 ತಿಂಗಳ ಮಗು, ಥೈರಾಕ್ಸಿನ್ (ಥೈರಾಯ್ಡ್ ಹಾರ್ಮೋನಿನ ಮಾತ್ರೆ) ಒಂದು ದಿನವೂ ತಪ್ಪಿಲ್ಲ ಅಂದಿದ್ದೀರಿ. ಆದರೆ ಅದನ್ನು ಹಾಲಿನ ಬಾಟಲಿಗೆ ಹಾಕುತ್ತಿದ್ದೀರಿ, ಹಿಂದೆಯೇ ಕಬ್ಬಿಣದ ಡ್ರಾಪ್ಸ್ ಬೇರೆ. ಕಬ್ಬಿಣ, ಕ್ಯಾಲ್ಸಿಯಂ, ಸೋಯಾ ಮೂರೂ ಈ ಮಾತ್ರೆ ರಕ್ತಕ್ಕೆ ಸೇರದಂತೆ ತಡೆಯುತ್ತವೆ. ಬಾಟಲಿಯ ತಳ ನೋಡಿ, ಬಿಳಿ ಪುಡಿ ಅಂಟಿರಬಹುದು. ನಮ್ಮ ಮನೆಯಲ್ಲೂ ಹೀಗೇ ಆಗಿತ್ತು.

ನಾಳೆಯಿಂದ ಮಾತ್ರೆಯನ್ನು ಎರಡು ಚಮಚಗಳ ನಡುವೆ ಒತ್ತಿ ಪುಡಿ ಮಾಡಿ. ನಾಲ್ಕೈದು ಹನಿ ನೀರು ಅಥವಾ ಎದೆಹಾಲಿನಲ್ಲಿ ಕಲಸಿ ಆಗಲೇ ಕೊಡಿ, ಮೊದಲೇ ಕಲಸಿಡಬೇಡಿ. ಖಾಲಿ ಚಮಚಕ್ಕೆ ಇನ್ನೆರಡು ಹನಿ ಬಿಟ್ಟು ಅದನ್ನೂ ಕುಡಿಸಿ. ಕಬ್ಬಿಣದ ಡ್ರಾಪ್ಸ್‌ಗೆ 4 ಗಂಟೆ ಅಂತರ ಬೇಕು. ನಾವು ಸಂಜೆಗೆ ಹಾಕಿಕೊಂಡೆವು. ರಾಗಿ ಸರಿಯನ್ನೂ ತಡವಾಗಿ ಕೊಡಿ, ಅದರಲ್ಲಿ ಕ್ಯಾಲ್ಸಿಯಂ ಜಾಸ್ತಿ ಅಲ್ವಾ.

ಇದೊಂದೇ ಕಾರಣ ಅಂತ ಹೇಳಲಾರೆ. ತೂಕ ಏರಿದಂತೆ ಹಳೇ ಡೋಸ್ ಸಾಲದೆಯೂ ಹೋಗಬಹುದು. ಈ ವಾರವೇ ಈಗಿನ ತೂಕ, ಹಳೇ ರಿಪೋರ್ಟ್ ಹಿಡಿದು ಮಕ್ಕಳ ಹಾರ್ಮೋನ್ ಡಾಕ್ಟರಿಗೆ ತೋರಿಸಿ. ನೀವಾಗಿ ಡೋಸ್ ಏರಿಸಬೇಡಿ. ಕೊಡುವ ರೀತಿ ಬದಲಿಸಿದ್ದನ್ನು ಮರೆಯದೆ ಹೇಳಿ, ಇಲ್ಲದಿದ್ದರೆ ಡೋಸ್ ಸುಮ್ನೆ ಜಾಸ್ತಿ ಆದೀತು. ಸಾಮಾನ್ಯವಾಗಿ 4ರಿಂದ 6 ವಾರಕ್ಕೆ ಫ್ರೀ ಟಿ4 (ರಕ್ತದಲ್ಲಿರುವ ಥೈರಾಕ್ಸಿನ್ ಪರೀಕ್ಷೆ), ಟಿಎಸ್‌ಎಚ್ ಮತ್ತೆ ಮಾಡಿಸುತ್ತಾರೆ. ಅವತ್ತು ರಕ್ತ ಕೊಟ್ಟ ಮೇಲೆ ಮಾತ್ರೆ ಕೊಡಿ. ಅಷ್ಟರೊಳಗೆ ಮಗು ತೀರಾ ಮಂಕಾದರೆ, ಹಾಲು ಬಿಟ್ಟರೆ ಕಾಯಬೇಡಿ, ಅಂದೇ ಹೋಗಿ.