ಪ್ರತಿಕ್ರಿಯೆ: ಕಾರ್ನಿಯಾ ಊದಲು ಆಪರೇಷನ್ ದ್ರವವೇ ಕಾರಣವಾ?

ತಾಯಿಗೆ ಪೊರೆ ಆಪರೇಷನ್ ಆಗಿ ನಾಲ್ಕು ದಿನವಾದರೂ ಮಂಜಾಗಿ ಕಾಣುತ್ತಿದೆ, ಡಾಕ್ಟರು ಕಾರ್ನಿಯಾ (ಕಣ್ಣಿನ ಮುಂಭಾಗದ ಪಾರದರ್ಶಕ ಪದರ) ಊದಿದೆ ಎಂದರು, ಕಣ್ಣಿನೊಳಗೆ ಹರಿಸಿದ ದ್ರವವೇ ಕಾರಣವಾ ಎಂದು ಕೇಳಿದ್ದೀರಿ. ಅದೂ ಒಂದು ಕಾರಣವಿರಬಹುದು. ಆದರೆ ಸುಮ್ನೆ ಅದರ ಮೇಲೇ ಹಾಕಬೇಡಿ.

ಕಾರ್ನಿಯಾದ ಒಳಮೈಯಲ್ಲಿ ಒಂದೇ ಒಂದು ಪದರ ಜೀವಕೋಶಗಳಿವೆ. ಕಾರ್ನಿಯಾದಲ್ಲಿ ಸೇರುವ ನೀರನ್ನು ಹೊರಹಾಕುತ್ತಾ ಇರುವುದು ಅವುಗಳ ಕೆಲಸ. ದೊಡ್ಡವರಲ್ಲಿ ಚದರ ಮಿಲಿಮೀಟರಿಗೆ ಸುಮಾರು 2,500 ಇರುತ್ತವೆ. ಸತ್ತರೆ ಹೊಸದು ಹುಟ್ಟುವುದಿಲ್ಲ, ಪಕ್ಕದವು ಹಿಗ್ಗಿ ಜಾಗ ತುಂಬುತ್ತವೆ ಅಷ್ಟೇ. ಆಪರೇಷನ್‌ನಲ್ಲಿ ದ್ರವ ಹರಿಯುವುದು ನೇರ ಇವುಗಳ ಮೇಲೆಯೇ. ಬರೀ ಸಲೈನ್‌ನಲ್ಲಿ ಕ್ಯಾಲ್ಸಿಯಂ ಇಲ್ಲ, ಕೋಶಗಳ ನಡುವಿನ ಬೆಸುಗೆ ಸಡಿಲವಾಗುತ್ತದೆ. ಅದಕ್ಕೇ ಕ್ಯಾಲ್ಸಿಯಂ ಇರುವ ರಿಂಗರ್ ಲ್ಯಾಕ್ಟೇಟ್ ಅಥವಾ ಬಿಎಸ್‌ಎಸ್ (ಲವಣಗಳನ್ನು ಹದವಾಗಿ ಬೆರೆಸಿದ ದ್ರವ) ಬಳಸುತ್ತಾರೆ. ಬಿಎಸ್‌ಎಸ್ ಪ್ಲಸ್‌ನಲ್ಲಿ ಗ್ಲೂಕೋಸ್, ಬೈಕಾರ್ಬೊನೇಟ್, ಗ್ಲುಟಾಥಯೋನ್ ಕೂಡ ಇರುತ್ತವೆ. ಬೇಗ ಮುಗಿಯುವ ಆಪರೇಷನ್‌ನಲ್ಲಿ ಇವುಗಳ ನಡುವೆ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ಪೊರೆ ಗಟ್ಟಿಯಾಗಿದ್ದರೆ ಅದನ್ನು ಒಡೆಯಲು ಅಲ್ಟ್ರಾಸೌಂಡ್ ಜಾಸ್ತಿ ಬೇಕು, ದ್ರವವೂ ಜಾಸ್ತಿ ಹರಿಯುತ್ತದೆ. ದ್ರವದ ಹೆಸರಿಗಿಂತ ಇದರ ಏಟೇ ದೊಡ್ಡದು ಅಂತ ನನಗನಿಸುತ್ತದೆ.

ಈ ಕೋಶಗಳನ್ನು ಕಾಪಾಡಲೆಂದೇ ಅಂಟಂಟಾದ ಜೆಲ್ ಹಾಕುತ್ತಾರೆ. ತಮಾಷೆ ನೋಡಿ, ಅದೇ ಒಳಗೆ ಉಳಿದರೆ ಕಣ್ಣಿನ ಒತ್ತಡ ಏರಿ ಕಾರ್ನಿಯಾ ಮಂಜಾಗುತ್ತದೆ!

ದ್ರವದಲ್ಲೋ ಉಪಕರಣದಲ್ಲೋ ಕಲ್ಮಶವಿದ್ದರೆ ಮಾತ್ರ ಕಥೆ ಬೇರೆ. ಸಾಮಾನ್ಯವಾಗಿ 12ರಿಂದ 48 ಗಂಟೆಯೊಳಗೆ ಅಂಚಿನಿಂದ ಅಂಚಿಗೆ ಇಡೀ ಕಾರ್ನಿಯಾ ಊದುತ್ತದೆ. ಇದನ್ನು ಟಾಸ್ (TASS, ಕಣ್ಣಿನ ಮುಂಭಾಗಕ್ಕೆ ವಿಷಕಾರಿ ವಸ್ತು ತಗುಲಿ ಆಗುವ ಉರಿಯೂತ) ಎನ್ನುತ್ತಾರೆ.

ಒತ್ತಡ ಎಷ್ಟಿದೆ ಎಂದು ಡಾಕ್ಟರನ್ನು ಕೇಳಿ. ಊತ ಇಳಿದ ಮೇಲೆ ಸ್ಪೆಕ್ಯುಲರ್ ಮೈಕ್ರೋಸ್ಕೋಪಿ ಮಾಡಿಸಿದರೆ ಎಷ್ಟು ಕೋಶ ಉಳಿದಿವೆ ಎಂದು ಗೊತ್ತಾಗುತ್ತದೆ. ಸಾಧಾರಣ ಊತ ಕೆಲವು ದಿನ, ಇಲ್ಲವೇ ಕೆಲವು ವಾರಗಳಲ್ಲಿ ಇಳಿಯುತ್ತದೆ. ನೋವು ಅಥವಾ ಕೆಂಪು ಹೆಚ್ಚಾದರೆ, ದೃಷ್ಟಿ ಇನ್ನೂ ಕಡಿಮೆಯಾದರೆ ಅದೇ ದಿನ ಕರೆದುಕೊಂಡು ಹೋಗಿ.